ಬಸುರಿ ಅಂತ ಕೆಲಸ ಬಿಡಿಸಿದರೆ ಏನು ಮಾಡಬೇಕು?

ಹುಬ್ಬಳ್ಳಿಯ ಕೊಪ್ಪಿಕರ್ ರೋಡಿನ ಅಂಗಡಿ ಇರಲಿ, ಗೋಕುಲ ರೋಡಿನ ಕಾರ್ಖಾನೆ ಇರಲಿ, ಬಸುರಿಯನ್ನು ಕೆಲಸದಿಂದ ತೆಗೆಯುವಾಗ ಯಾರೂ ಜಗಳ ತೆಗೆಯುವುದಿಲ್ಲ. "ನೋಡವ್ವಾ, ಹೆರಿಗಿ ಮುಗಿಸ್ಕೊಂಡು ಆರಾಮ ಬಾ, ಈಗ ಒಂದು ರಾಜೀನಾಮೆ ಬರ್ದು ಕೊಡು" ಎಂದು ಪ್ರೀತಿಯಿಂದಲೇ ಕೇಳುತ್ತಾರೆ.

ಮೊದಲನೆಯದು, ಬರೆದು ಕೊಡಬೇಡಿ. ಸಹಿ ಬಿತ್ತೆಂದರೆ 'ಅವರೇ ಬಿಟ್ಟು ಹೋದರು' ಅನ್ನುತ್ತಾರೆ. ಖಾಲಿ ಹಾಳೆಗಂತೂ ಬೇಡವೇ ಬೇಡ.

ಆಮೇಲೆ ನಿಮ್ಮ ಹಕ್ಕಿನ ಲೆಕ್ಕ ನೋಡಿಕೊಳ್ಳಿ. 10 ಅಥವಾ ಜಾಸ್ತಿ ಜನ ಇರುವ ಕಡೆ, ಡಾಕ್ಟರ್ ಕೊಟ್ಟ ಹೆರಿಗೆ ತಾರೀಖಿಗೆ ಮುಂಚಿನ 12 ತಿಂಗಳಲ್ಲಿ 80 ದಿನ ದುಡಿದಿದ್ದರೆ ಸಾಕು. ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ, ಆಮೇಲಿನ ಮಕ್ಕಳಿಗೆ 12 ವಾರ. 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ, ಈ ಲೆಕ್ಕ ಬದಲಾಗಿಲ್ಲ. ದಿನಗೂಲಿಯವರಿಗೂ ಇದು ಸಿಗಬೇಕೆಂದು ಸುಪ್ರೀಂ ಕೋರ್ಟ್ 2000ದಲ್ಲೇ ಹೇಳಿದೆ. ಇಎಸ್‌ಐ (ಸಂಬಳದಲ್ಲಿ ಕಂತು ಹಿಡಿಯುವ ಸರ್ಕಾರಿ ನೌಕರರ ವಿಮೆ) ಇದ್ದರೆ ದುಡ್ಡು ಅಲ್ಲಿಂದಲೇ ಬರುತ್ತದೆ, ಮಾಲೀಕರ ಜೇಬಿಗೆ ಕೈ ಹಾಕುವ ಮಾತೇ ಇಲ್ಲ. ಆದರೂ ಗೊಣಗುತ್ತಾರೆ ನೋಡಿ!

ರಜೆಯನ್ನು ಬಾಯಿಮಾತಲ್ಲಿ ಕೇಳಬೇಡಿ. ಯಾವ ತಾರೀಖಿನಿಂದ ರಜೆ ಬೇಕು ಅಂತ ಪತ್ರ ಬರೆದು, ತಾಯಿ ಕಾರ್ಡಿನ ಜೆರಾಕ್ಸ್ ಲಗತ್ತಿಸಿ ಕೊಡಿ. ಇನ್ನೊಂದು ಪ್ರತಿಯ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ತಗೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ. "ನಾಳೆಯಿಂದ ಬರಬೇಡ" ಎಂಬ ವಾಟ್ಸಾಪ್ ಮೆಸೇಜು, ಸಂಬಳ ಜಮೆಯಾದ ಪಾಸ್‌ಬುಕ್ಕು, ಹಾಜರಿಯ ಫೋಟೊ, ಯಾವುದನ್ನೂ ಅಳಿಸಬೇಡಿ.

ಎಲ್ಲರೂ ಎಡವುವುದು ಇಲ್ಲೇ. ಈ ರಜೆಯ ಹೊತ್ತಿನಲ್ಲಿ ಅಥವಾ ರಜೆ ಹಾಕಿದ್ದಕ್ಕೇ ಕೆಲಸದಿಂದ ತೆಗೆಯುವುದು ಕಾನೂನುಬಾಹಿರ. ಆದರೆ ತೆಗೆದ ಆದೇಶ ತಿಳಿದ 60 ದಿನದೊಳಗೆ ಮೇಲ್ಮನವಿ ಹಾಕಬೇಕು. ನಮ್ಮ ಕಡೆ ಕುಬಸ (ಸೀಮಂತ) ಮುಗಿಸಿ ತವರಿಗೆ ಹೋದವರು ಬಾಣಂತನ ಮುಗಿಸಿ ಬರುವಷ್ಟರಲ್ಲಿ ಆ ದಿನಗಳು ದಾಟಿರುತ್ತವೆ, ಆದೇಶದ ಪತ್ರ ಗಂಡನ ಮನೆಯ ಮಾಡದಲ್ಲೇ ಬಿದ್ದಿರುತ್ತದೆ. ಅದಕ್ಕೇ ರಜೆ ಪತ್ರದಲ್ಲಿ ತವರಿನ ವಿಳಾಸವನ್ನೂ ಬರೆಯಿರಿ. ಬಂದ ಕಾಗದದ ಫೋಟೊ ಅವತ್ತೇ ಕಳಿಸು ಅಂತ ಮನೆಯವರಿಗೆ ಹೇಳಿಟ್ಟಿರಿ.

ದೂರಿಗೂ ಈ ಮೇಲ್ಮನವಿಗೂ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ. ವಕೀಲರಿಗೆ ದುಡ್ಡಿಲ್ಲ ಅಂತ ಸುಮ್ನೆ ಕೂರಬೇಡಿ. ಧಾರವಾಡ, ಗದಗ, ಹಾವೇರಿ ಮೂರೂ ಕಡೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಹೆಂಗಸರಿಗೆ ಆದಾಯ ಎಷ್ಟೇ ಇರಲಿ, ವಕೀಲರನ್ನು ಪುಕ್ಕಟೆ ಕೊಡುತ್ತಾರೆ. 15100ಕ್ಕೆ ಫೋನ್ ಮಾಡಿದರೂ ಆಯಿತು. ಅರ್ಜಿಯಲ್ಲಿ ಬಾಕಿ ಹಣ ಒಂದನ್ನೇ ಕೇಳಿ ಬರಬೇಡಿ, ಕೆಲಸವನ್ನೂ ವಾಪಸ್ ಕೇಳಿ.