ಅಮೆರಿಕದಲ್ಲಿ ಎಸ್‌ಯುವಿ ಕೊಳ್ಳುತ್ತೀರಾ? ಹೆಸರು ಬಿಡಿ, ಅಳತೆ ನೋಡಿ

ಬೆಂಗಳೂರಿನಿಂದ ಹೊಸದಾಗಿ ಬಂದವರು ನನ್ನನ್ನು ಮೊದಲು ಕೇಳುವುದು "ಇಲ್ಲಿ ಕ್ರೆಟಾ ಎಷ್ಟಾಗುತ್ತದೆ?" ಅಂತ. ಇಲ್ಲಿ ಕ್ರೆಟಾ ಮಾರುವುದೇ ಇಲ್ಲ. ಪಕ್ಕದ ಮೆಕ್ಸಿಕೋದಲ್ಲಿ ಇದೆ, ಅಮೆರಿಕದಲ್ಲಿ ಇಲ್ಲ. ಇನ್ನೋವಾ, ಫಾರ್ಚುನರ್ ಕೂಡ ಸಿಗುವುದಿಲ್ಲ. ಸುಜುಕಿಯಂತೂ ಇಲ್ಲಿ ಕಾರು ಮಾರುವುದನ್ನು ನಿಲ್ಲಿಸುತ್ತೇನೆಂದು 2012ರಲ್ಲೇ ಹೇಳಿಬಿಟ್ಟಿತು. ಊರಿನ ಕಾರನ್ನೇ ಹಡಗಿನಲ್ಲಿ ತರಿಸೋಣ ಅಂದರೆ ಅದೂ ಕಷ್ಟ. ಇಲ್ಲಿನ ಸುರಕ್ಷತಾ ನಿಯಮಕ್ಕೆ ತಕ್ಕಂತೆ ತಯಾರಾಗದ ಕಾರನ್ನು 25 ವರ್ಷ ತುಂಬುವವರೆಗೆ ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ.

ಅದಕ್ಕಿಂತ ದೊಡ್ಡ ಗೊಂದಲ 'ಕಾಂಪ್ಯಾಕ್ಟ್' ಎಂಬ ಮಾತಿನದು. ನಮ್ಮಲ್ಲಿ ಕಾರಿನ ಉದ್ದವನ್ನು ತೆರಿಗೆಯೇ ಕತ್ತರಿಸುತ್ತದೆ. 2006ರಿಂದ 4 ಮೀಟರ್ ಒಳಗಿನ, ಸಣ್ಣ ಎಂಜಿನ್ನಿನ ಕಾರಿಗೆ ತೆರಿಗೆ ಕಡಿಮೆ. 2025ರ ಸೆಪ್ಟೆಂಬರ್ 22ರಿಂದ ಅಂಥ ಕಾರಿಗೆ ಜಿಎಸ್‌ಟಿ 18%, ದೊಡ್ಡದಕ್ಕೆ 40%. ಈ 4 ಮೀಟರ್ ಗೆರೆಯಿಂದಲೇ ಭಾರತದ ಮೊದಲ ಹ್ಯುಂಡೈ ವೆನ್ಯೂ 3,995 ಮಿಲಿಮೀಟರ್‌ಗೆ ನಿಂತಿತು. ಅಮೆರಿಕದಲ್ಲಿ ಆ ಗೆರೆ ಇಲ್ಲ. ಅದೇ ವೆನ್ಯೂ ಇಲ್ಲಿ 4,040 ಮಿಲಿಮೀಟರ್. ಹಾಗಂತ ಒಳಗೆ ಕಾಲು ಚಾಚಲು ಜಾಸ್ತಿ ಜಾಗ ಸಿಗುತ್ತದೆ ಅಂದುಕೊಳ್ಳಬೇಡಿ. ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವಿನ ಅಂತರ ಎರಡರಲ್ಲೂ 2,520 ಮಿಲಿಮೀಟರೇ.

ಹೋಲಿಸುವಾಗ ಒಂದು ಮೆಟ್ಟಿಲು ಇಳಿಸಿಕೊಳ್ಳಿ. ಊರಿನಲ್ಲಿ ಮಿಡ್‌ಸೈಜ್ ಅನ್ನಿಸಿಕೊಳ್ಳುವ ಕಿಯಾ ಸೆಲ್ಟೋಸ್ ಇಲ್ಲಿ ಸಬ್‌ಕಾಂಪ್ಯಾಕ್ಟ್, ಅಂದರೆ ಕಾಂಪ್ಯಾಕ್ಟ್‌ಗಿಂತಲೂ ಸಣ್ಣದು. ಇಲ್ಲಿನ ಕಾಂಪ್ಯಾಕ್ಟ್ ಅಂದರೆ ಟೊಯೋಟಾ ರಾವ್4, ಹೋಂಡಾ ಸಿಆರ್-ವಿ. 2023ರ ಸಿಆರ್-ವಿ ಸುಮಾರು 4.69 ಮೀಟರ್ ಉದ್ದ. ಮಿಡ್‌ಸೈಜ್ ಅಂದರೆ ಟೊಯೋಟಾ ಹೈಲ್ಯಾಂಡರ್, 4.95 ಮೀಟರ್. ಇವೆಲ್ಲ ಮಾರುಕಟ್ಟೆಯ ಮಾತುಗಳು, ಕಾನೂನಿನವಲ್ಲ. ಕಾರಿನ ಕಿಟಕಿಗೆ ಅಂಟಿಸಿದ ಮೈಲೇಜ್ ಚೀಟಿಯಲ್ಲಿ 'ಸ್ಮಾಲ್ ಎಸ್‌ಯುವಿ' ಅಂತ ಕಂಡರೆ ಅದು ಉದ್ದದ ಲೆಕ್ಕವಲ್ಲ. ಕಾರು, ಜನ, ಸಾಮಾನು ಸೇರಿ ಹೊರಬಹುದಾದ ಗರಿಷ್ಠ ತೂಕ 6,000 ಪೌಂಡಿಗಿಂತ ಕಡಿಮೆ ಅಂತ ಅರ್ಥ.

ಒಂದೇ ಹೆಸರಿನ ಕಾರು ಬೇರೆ ಬೇರೆ ದೇಶದಲ್ಲಿ ಬೇರೆಯೇ ಇರುವುದೂ ಉಂಟು. 2023ರ ಮಾದರಿಯಿಂದ ಅಮೆರಿಕದ ಹೋಂಡಾ ಎಚ್‌ಆರ್-ವಿ 4.57 ಮೀಟರ್ ಉದ್ದ. ಯುರೋಪಿನ ಎಚ್‌ಆರ್-ವಿ 4.34 ಮೀಟರ್, ಅದು ಬೇರೆಯೇ ಕಾರು. ಇಲ್ಲಿನದನ್ನು ಅಲ್ಲಿ ಝಡ್‌ಆರ್-ವಿ ಅಂತ ಮಾರುತ್ತಾರೆ. ಹ್ಯುಂಡೈ ಟೂಸಾನ್ ಯುರೋಪಿನಲ್ಲಿ 4.5 ಮೀಟರ್, ಇಲ್ಲಿ 4.63. ಲಂಡನ್ನಿನ ಗೆಳೆಯರು "ನಮ್ಮ ಟೂಸಾನ್ ಹೀಗಿದೆ" ಅಂದರೆ ಆ ಮಾತು ನಿಮ್ಮ ಕಾರಿಗೆ ಹೊಂದದೆ ಇರಬಹುದು.

ಈಗ ಡಿಕ್ಕಿಯ ವಿಷಯ. ಇದನ್ನು ನಾನು ಕಷ್ಟಪಟ್ಟು ಕಲಿತೆ. ಅಪ್ಪ ಅಮ್ಮ ಮೊದಲ ಸಲ ಬಂದಾಗ ನಮ್ಮ ಹತ್ತಿರ ಇದ್ದದ್ದು ಸಬ್‌ಕಾಂಪ್ಯಾಕ್ಟ್. ಅವರ ಜೊತೆ 23 ಕಿಲೋದ ನಾಲ್ಕು ಸೂಟ್‌ಕೇಸು. ಡಿಕ್ಕಿಯಲ್ಲಿ ಎರಡೇ ಹಿಡಿಸಿದವು. ಇಪ್ಪತ್ತು ಗಂಟೆಗೂ ಹೆಚ್ಚು ಪ್ರಯಾಣ ಮಾಡಿ ಬಂದವರು. ಅಮ್ಮ ಚಟ್ನಿಪುಡಿ, ಹಪ್ಪಳದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡೇ ಕೂತರು. ಉಳಿದ ಎರಡು ಸೂಟ್‌ಕೇಸು ಟ್ಯಾಕ್ಸಿಯಲ್ಲಿ ಬಂದವು. ಇವತ್ತಿಗೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಕೊಳ್ಳುವಾಗ ಕಾಗದದ ಮೇಲೆ ಜಾಗ ಸಾಕಷ್ಟು ಕಂಡಿತ್ತು. ಇಲ್ಲಿ ಡಿಕ್ಕಿಯನ್ನು ಘನ ಅಡಿಯಲ್ಲಿ ಹೇಳುತ್ತಾರೆ. 1 ಘನ ಅಡಿ ಅಂದರೆ ಸುಮಾರು 28.3 ಲೀಟರ್. ಸುಮ್ನೆ ಗುಣಿಸಿ ಬೇರೆ ದೇಶದ ಕಾರಿಗೆ ಹೋಲಿಸಿದರೆ ಮೋಸ ಹೋಗುತ್ತೀರಿ. ಅಮೆರಿಕದ ಅಳತೆ ಚಾವಣಿಯವರೆಗೆ ಹೋಗುತ್ತದೆ. ಯುರೋಪಿನ ಕ್ರಮದಲ್ಲಿ ಒಂದೊಂದು ಲೀಟರಿನ ಇಟ್ಟಿಗೆಯಂಥ ತುಂಡುಗಳನ್ನು ಜೋಡಿಸಿ, ಸಾಮಾನ್ಯವಾಗಿ ಕಿಟಕಿಯ ಮಟ್ಟದವರೆಗೆ ಮಾತ್ರ ಅಳೆಯುತ್ತಾರೆ. 2019ರ ತಲೆಮಾರಿನ ರಾವ್4 ನೋಡಿ. ಇಲ್ಲಿ ಅದಕ್ಕೆ 37.5 ಘನ ಅಡಿ, ಅಂದರೆ ಸುಮಾರು 1,060 ಲೀಟರ್. ಯುರೋಪಿನಲ್ಲಿ ಅದೇ ಕಾರಿಗೆ 580 ಲೀಟರ್. ಕಾರು ಒಂದೇ, ಡಿಕ್ಕಿಯೂ ಒಂದೇ, ಅಲ್ವಾ?

ಮೂರನೇ ಸಾಲಿನ ಸೀಟು ಬೇಕೆನ್ನುವವರು ಇನ್ನೂ ಹುಷಾರಾಗಿರಬೇಕು. ಆ ಸೀಟನ್ನು ಮಡಚದೆ, ಕೂರಲು ಎತ್ತಿ ನಿಲ್ಲಿಸಿದರೆ ಹೈಲ್ಯಾಂಡರ್‌ನಲ್ಲಿ ಹಿಂದೆ ಉಳಿಯುವುದು 16 ಘನ ಅಡಿ. ಗ್ರ್ಯಾಂಡ್ ಹೈಲ್ಯಾಂಡರ್‌ನಲ್ಲಿ 20.6. ಸಿಯೆನ್ನಾ ಮಿನಿವ್ಯಾನಿನಲ್ಲಿ 33.5. ಅಪ್ಪ ಅಮ್ಮ ವರ್ಷಕ್ಕೊಮ್ಮೆ ಬಂದು ಆರು ತಿಂಗಳು ಇರುವ ಮನೆಗೆ ನಾನು ಮಿನಿವ್ಯಾನನ್ನೇ ಹೇಳುತ್ತೇನೆ. ಬಾಗಿಲು ಪಕ್ಕಕ್ಕೆ ಸರಿಯುತ್ತದೆ. ನೆಲ ತಗ್ಗಿನಲ್ಲಿದೆ. ಮಂಡಿನೋವಿನವರು ಎಸ್‌ಯುವಿ ಹತ್ತುವಷ್ಟು ಒದ್ದಾಡಬೇಕಿಲ್ಲ.

ಟೆಸ್ಟ್ ಡ್ರೈವ್‌ಗೆ ಹೋಗುವಾಗ ಮನೆಯಲ್ಲಿರುವ ದೊಡ್ಡ ಸೂಟ್‌ಕೇಸುಗಳನ್ನೂ ಮಗುವಿನ ಕಾರ್ ಸೀಟನ್ನೂ ತೆಗೆದುಕೊಂಡು ಹೋಗಿ. ಹಿಂದಕ್ಕೆ ಮುಖ ಮಾಡುವ ಸೀಟು ಹಾಕಿದ ಮೇಲೆ ಅದರ ಮುಂದಿನ ಸೀಟಿನಲ್ಲಿ ನೀವೇ ಕೂತು ನೋಡಿ, ಮಂಡಿ ತಾಗುತ್ತದಾ ಅಂತ. ಹೊರಡುವ ಮೊದಲು ಗ್ಯಾರೇಜಿನ ಉದ್ದವನ್ನೂ ಅಳೆದುಕೊಳ್ಳಿ. ಒಳಗಿರುವ ವಾಟರ್ ಹೀಟರ್, ಕಪಾಟುಗಳನ್ನು ಕಳೆದು ಉಳಿಯುವ ಜಾಗವೇ ಕಾರಿಗೆ ಸಿಗುವುದು.