ಅಪಘಾತವಾದ ಕಾರಿನಲ್ಲಿ ಅಡಾಸ್ ಇದ್ದರೆ: ಹೊಣೆ ಗೊತ್ತುಮಾಡುವ, ಸಾಕ್ಷ್ಯ ಉಳಿಸಿಕೊಳ್ಳುವ ಬಗೆ

ಮುಂದಿನ ವಾಹನದ ಅಂತರ ನೋಡಿಕೊಂಡು ತಾನೇ ವೇಗ ಹೊಂದಿಸಿಕೊಳ್ಳುವ, ಬಿಳಿ ಗೆರೆ ದಾಟದಂತೆ ಸ್ಟೇರಿಂಗ್ ತಿದ್ದುವ, ಅಡ್ಡ ಬಂದುದನ್ನು ಕಂಡು ತಾನೇ ಬ್ರೇಕ್ ಹಾಕುವ ಕಾರುಗಳು 2021ರಿಂದೀಚೆಗೆ ನಮ್ಮ ಕಡೆಗೂ ಬಂದಿವೆ. ಕೆಎ-25, ಕೆಎ-63 ಸಂಖ್ಯೆಯ ಇಂಥ ಕಾರುಗಳನ್ನು ಈಗ ಹುಬ್ಬಳ್ಳಿ-ಧಾರವಾಡದ ಯಾವ ಓಣಿಯಲ್ಲೂ ಕಾಣಬಹುದು. ಚಾಲಕನಿಗೆ ನೆರವಾಗುವ ಈ ಸೌಲಭ್ಯಗಳನ್ನೆಲ್ಲ ಸೇರಿಸಿ ಜನ ಅಡಾಸ್ ಎನ್ನುತ್ತಾರೆ. ಮೋಟಾರು ಅಪಘಾತ ಪರಿಹಾರದ ಪ್ರಕರಣಗಳನ್ನು ನಡೆಸುವ ವಕೀಲನಾದ ನನ್ನ ಮುಂದೆ ಕುಳಿತು, “ನಂದೇನ್ ತಪ್ಪಿಲ್ರೀ, ಗಾಡಿನ ತಾನ ಬ್ರೇಕ್ ಹಾಕೇತಿ” ಎಂದು ಹೇಳುವವರು ಹೆಚ್ಚುತ್ತಿದ್ದಾರೆ. ಅವರಲ್ಲಿ ಕೆಲವರ ಮಾತು ನಿಜವಿದ್ದೀತು. ಆದರೆ ಅದನ್ನು ತೋರಿಸಿಕೊಡುವ ವಸ್ತು ಅಪಘಾತದ ಮೊದಲ ಕೆಲವು ವಾರಗಳಲ್ಲೇ, ಬಹುಮಟ್ಟಿಗೆ ರಿಪೇರಿಯ ಹೊತ್ತಿನಲ್ಲಿ, ಕೈತಪ್ಪಿ ಹೋಗುತ್ತದೆ. ಅದು ಕೈತಪ್ಪದಂತೆ ಏನು ಮಾಡಬೇಕು, ಯಾವ ಹೊಣೆಯನ್ನು ಯಾರ ಮುಂದೆ ಹೇಗೆ ಇಡಬೇಕು ಎಂಬುದನ್ನು ತಿಳಿಸುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ನಿಮ್ಮ ಕಾರು ಯಾವ ಹಂತದ್ದು ಎಂಬುದನ್ನು ಅರಿಯಿರಿ. ವಾಹನ ತಂತ್ರಜ್ಞರು ಸ್ವಯಂಚಾಲನೆಯನ್ನು ಸೊನ್ನೆಯಿಂದ ಐದರವರೆಗೆ ಆರು ಹಂತಗಳಾಗಿ ವಿಂಗಡಿಸಿದ್ದಾರೆ. ನಮ್ಮಲ್ಲಿ ಅಡಾಸ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಕಾರುಗಳು ಹೆಚ್ಚೆಂದರೆ ಎರಡನೆಯ ಹಂತದವು. ಈ ಹಂತದಲ್ಲಿ ಕಾರು ಸ್ಟೇರಿಂಗ್ ಮತ್ತು ವೇಗ ಎರಡನ್ನೂ ನೋಡಿಕೊಂಡರೂ ರಸ್ತೆಯ ಮೇಲೆ ಕಣ್ಣಿಟ್ಟಿರುವುದು, ಬೇಕಾದ ಕ್ಷಣದಲ್ಲಿ ಕೈಗೆ ತೆಗೆದುಕೊಳ್ಳುವುದು ಚಾಲಕನ ಕೆಲಸವೇ ಆಗಿರುತ್ತದೆ. ಆದ್ದರಿಂದ ತಾನೇ ವೇಗ ಹೊಂದಿಸಿಕೊಳ್ಳುವ ಕ್ರೂಸ್ ಕಂಟ್ರೋಲ್ ಚಾಲೂ ಇದ್ದರೂ ಕಾನೂನಿನ ಕಣ್ಣಿಗೆ ಕಾರು ಓಡಿಸುತ್ತಿದ್ದವರು ನೀವೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 281ನೆಯ ಕಲಮು (ಅಜಾಗರೂಕ ಚಾಲನೆ), 125ನೆಯ ಕಲಮು (ಪ್ರಾಣಕ್ಕೆ ಅಪಾಯ, ಗಾಯ) ಮತ್ತು 106(1)ನೆಯ ಕಲಮು (ನಿರ್ಲಕ್ಷ್ಯದಿಂದ ಸಾವು, ಐದು ವರ್ಷದವರೆಗೆ ಸೆರೆ) ಇವೆಲ್ಲ ಮನುಷ್ಯನ ನಡೆಯನ್ನೇ ಅಳೆಯುತ್ತವೆ.

ಹೊರದೇಶಗಳ ಅನುಭವವೂ ಇದಕ್ಕೆ ದೂರವಾಗಿಲ್ಲ. 2018ರ ಮಾರ್ಚ್‌ನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪೆ ನಗರದಲ್ಲಿ ಉಬರ್ ಕಂಪನಿಯ ಪ್ರಾಯೋಗಿಕ ಸ್ವಯಂಚಾಲಿತ ಕಾರು ರಸ್ತೆ ದಾಟುತ್ತಿದ್ದ ಮಹಿಳೆಯೊಬ್ಬರನ್ನು ಬಲಿತೆಗೆದುಕೊಂಡಾಗ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಒಳಗೆ ಕುಳಿತಿದ್ದ ಚಾಲಕಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ನಿಗಾ ಶಿಕ್ಷೆಗೆ ಒಳಗಾದರು. 2019ರಲ್ಲಿ ಫ್ಲೋರಿಡಾದಲ್ಲಿ ಆದ ಅಪಘಾತವೊಂದರಲ್ಲಿ ಮಾತ್ರ, ಕೆಳಗೆ ಬಿದ್ದ ಫೋನನ್ನು ಹುಡುಕುತ್ತಿದ್ದ ಚಾಲಕನ ಜೊತೆಗೆ ಟೆಸ್ಲಾ ಕಂಪನಿಯೂ ಶೇಕಡಾ 33ರಷ್ಟು ಹೊಣೆಗಾರ ಎಂದು ಮಯಾಮಿಯ ಜ್ಯೂರಿ 2025ರ ಆಗಸ್ಟ್‌ನಲ್ಲಿ ತೀರ್ಮಾನಿಸಿತು. ಬ್ರಿಟನ್ನಿನ 2024ರ ಸ್ವಯಂಚಾಲಿತ ವಾಹನಗಳ ಕಾಯ್ದೆ ಇನ್ನೂ ಮುಂದೆ ಹೋಗಿ, ನಿಜವಾಗಿ ತಾನೇ ಓಡುವ ವಾಹನವೆಂದು ಅನುಮತಿ ಪಡೆದ ಕಾರಿನಲ್ಲಿ ವ್ಯವಸ್ಥೆ ಚಾಲೂ ಇರುವಾಗಿನ ಚಾಲನೆಯ ಹೊಣೆಯನ್ನು ಅನುಮತಿ ಪಡೆದ ಸಂಸ್ಥೆಯ ಮೇಲೆ ಹೊರಿಸುತ್ತದೆ. ನಮ್ಮಲ್ಲಿ ಅಂಥ ಕಾಯ್ದೆ ಇಲ್ಲ. ಇರುವ ಕಾಯ್ದೆಗಳಲ್ಲೇ ದಾರಿ ಹುಡುಕಬೇಕು, ದಾರಿ ಇದೆ.

ಆ ದಾರಿ ಒಂದಲ್ಲ, ಎರಡು. ಇವೆರಡನ್ನೂ ಬೆರೆಸಬಾರದು. ಗಾಯಗೊಂಡವರ ಅಥವಾ ಮಡಿದವರ ಮನೆಯವರ ಪರಿಹಾರದ ದಾರಿ ಮೋಟಾರು ವಾಹನ ಕಾಯ್ದೆಯದು. ಕಾರಿನ ಮಾಲೀಕರು ತಯಾರಕರನ್ನು ಪ್ರಶ್ನಿಸುವ ದಾರಿ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯದು. ಯಂತ್ರದ ತಪ್ಪೋ ಮನುಷ್ಯನ ತಪ್ಪೋ ಎಂಬ ಚರ್ಚೆ ಮುಗಿಯಲಿ ಎಂದು ಗಾಯಾಳುಗಳು ಕಾಯಬೇಕಾಗಿಲ್ಲ, ಕಾಯಲೂಬಾರದು.

ನೀವು ಗಾಯಾಳುವಿನ ಕಡೆಯವರಾಗಿದ್ದರೆ ಮೊದಲು ಚಿಕಿತ್ಸೆಯತ್ತ ಗಮನ ಕೊಡಿ. ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನಗಳವರೆಗೆ, 1.5 ಲಕ್ಷ ರೂಪಾಯಿಯವರೆಗೆ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಿನಿಂದ ಇದೆ. ಆಸ್ಪತ್ರೆಯಲ್ಲಿ ಅದನ್ನು ಹೆಸರಿಟ್ಟು ಕೇಳಿ. ನಂತರ ಮೋಟಾರು ವಾಹನ ಕಾಯ್ದೆಯ 166ನೆಯ ಕಲಮಿನಡಿ ಅಪಘಾತವಾದ ದಿನದಿಂದ ಆರು ತಿಂಗಳೊಳಗೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬೇಕೆಂಬ ನಿಯಮವನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಅಪಘಾತ ಹಾವೇರಿಯ ಹತ್ತಿರ ಆಗಿದ್ದರೂ ನೀವು ಗದಗಿನವರಾಗಿದ್ದರೆ ಗದಗಿನಲ್ಲೇ ಅರ್ಜಿ ಹಾಕಬಹುದು. ಚಾಲಕ, ಮಾಲೀಕ ಮತ್ತು ವಿಮಾ ಕಂಪನಿ ಈ ಮೂವರನ್ನೂ ಎದುರುದಾರರನ್ನಾಗಿ ಮಾಡಿ. ತಪ್ಪು ಯಾರದೆಂದು ಸಾಬೀತುಪಡಿಸುವ ಗೋಜಿಲ್ಲದೆ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ ರೂಪಾಯಿ ಕೊಡುವ 164ನೆಯ ಕಲಮೂ ಇದೆ. ಎರಡರಲ್ಲಿ ಯಾವುದು ನಿಮಗೆ ಹೊಂದುತ್ತದೆ ಎಂಬುದನ್ನು ಸಹಿ ಹಾಕುವ ಮೊದಲು ವಕೀಲರಲ್ಲಿ ಕೇಳಿಕೊಳ್ಳಿ. “ಕಾರಿನ ಸಾಫ್ಟ್‌ವೇರ್ ಕೆಟ್ಟಿತ್ತು” ಎಂದು ಮಾಲೀಕರು ಎಷ್ಟೇ ಹೇಳಲಿ, ದೋಷವಿತ್ತೆಂಬುದನ್ನೂ ತಾನು ವಾಹನವನ್ನು ಸರಿಯಾಗಿ ನೋಡಿಕೊಂಡಿದ್ದೆನೆಂಬುದನ್ನೂ ಸಾಬೀತು ಮಾಡುವ ಭಾರ ಅವರ ಮೇಲೆಯೇ ಇರುತ್ತದೆ.

ಇನ್ನು ಕಾರಿನ ಮಾಲೀಕರ ಕಡೆಗೆ ಬರುತ್ತೇನೆ. ಎಡವುವುದು ಹೆಚ್ಚಾಗಿ ಇಲ್ಲಿಯೇ. ನನ್ನ ಬಳಿಗೆ ಬಂದಿದ್ದ ನಿವೃತ್ತ ಶಿಕ್ಷಕರೊಬ್ಬರ ಕಾರು ಅಣ್ಣಿಗೇರಿಯ ಹತ್ತಿರ ಖಾಲಿ ರಸ್ತೆಯಲ್ಲಿ ಇದ್ದಕ್ಕಿದ್ದಂತೆ ಬ್ರೇಕ್ ಹಾಕಿಕೊಂಡಿತ್ತು. ಹಿಂದಿನಿಂದ ಬರುತ್ತಿದ್ದ ಬೈಕ್ ಸವಾರ ಬಂದು ಬಡಿದು ಕಾಲು ಮುರಿದುಕೊಂಡಿದ್ದ. ಸರ್ವಿಸ್ ಸೆಂಟರಿನವರು ಗಾಜಿನ ಹಿಂದಿದ್ದ ಕ್ಯಾಮೆರಾವನ್ನೂ ಅದರ ನಿಯಂತ್ರಣ ಘಟಕವನ್ನೂ ವಾರಂಟಿಯಲ್ಲಿ ಬದಲಾಯಿಸಿ ಹಳೆಯವನ್ನು ಕಂಪನಿಗೆ ಕಳುಹಿಸಿಬಿಟ್ಟರು. ಎಂಟು ತಿಂಗಳ ಮೇಲೆ ಸಮನ್ಸ್ ಬಂದಾಗ ಅವರ ಕೈಯಲ್ಲಿದ್ದುದು ಒಂದು ಬಿಲ್ಲು ಮಾತ್ರ. ಕ್ಯಾಮೆರಾ ಏಕೆ ಬದಲಾಯಿಸಿದರು ಎಂಬುದಕ್ಕೆ ಆ ಬಿಲ್ಲಿನಲ್ಲಿ ಒಂದು ಸಾಲೂ ಇರಲಿಲ್ಲ. ಅವರು ಸುಳ್ಳು ಹೇಳುವವರಲ್ಲ ಎಂಬುದು ನನಗೆ ಗೊತ್ತು, ಆದರೆ ನ್ಯಾಯಾಲಯಕ್ಕೆ ಅದನ್ನು ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ. ಆ ನೋವು ಈಗಲೂ ನನ್ನಲ್ಲಿದೆ.

ಆದ್ದರಿಂದ ಅಪಘಾತದ ಸ್ಥಳದಲ್ಲಿ ಗಾಯಾಳುಗಳಿಗೆ ನೆರವಾಗಿ, 112ಕ್ಕೆ ಅಥವಾ 108ಕ್ಕೆ ಕರೆ ಮಾಡಿದ ಮೇಲೆ, ಮೀಟರ್ ಫಲಕದ ಮೇಲೆ ಕಾಣುವ ಪ್ರತಿಯೊಂದು ಚಿಹ್ನೆಯ ಚಿತ್ರ ತೆಗೆದುಕೊಳ್ಳಿ. ಕ್ರೂಸ್ ಚಾಲೂ ಇತ್ತೇ, ಲೇನ್ ಗುರುತು ಹಸಿರಾಗಿತ್ತೇ, ಸೆನ್ಸರ್ ಮುಚ್ಚಿಕೊಂಡಿದೆ ಎಂಬ ಸೂಚನೆ ಇತ್ತೇ ಎಂಬುದು ಎಂಜಿನ್ ನಿಲ್ಲಿಸಿದೊಡನೆ ಮಾಯವಾಗುತ್ತದೆ. ಮುಂದಿನ ಗಾಜು, ಬಂಪರಿನ ಹಿಂದಿನ ರೇಡಾರ್ ಇರುವ ಭಾಗ, ರಸ್ತೆಯ ಬಿಳಿ ಗೆರೆ ಅಳಿಸಿಹೋಗಿದ್ದರೆ ಅದು, ಬ್ರೇಕಿನ ಗುರುತು ಇವುಗಳ ಚಿತ್ರವೂ ಇರಲಿ. ಡ್ಯಾಶ್‌ಕ್ಯಾಮ್ ಇದ್ದರೆ ಅದರ ಮೆಮೊರಿ ಕಾರ್ಡನ್ನು ಅಂದೇ ತೆಗೆದಿಡಿ, ಏಕೆಂದರೆ ಅದು ಹಳೆಯ ದೃಶ್ಯದ ಮೇಲೆಯೇ ಹೊಸದನ್ನು ಬರೆಯುತ್ತ ಹೋಗುತ್ತದೆ. ಮುಂದೆ ಆ ದೃಶ್ಯವನ್ನು ನ್ಯಾಯಾಲಯಕ್ಕೆ ಕೊಡುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

ಪೊಲೀಸರಿಗೆ ಹೇಳಿಕೆ ಕೊಡುವಾಗ “ಕಾರು ತಾನೇ ಓಡಿತು” ಎಂಬ ಒಂದೇ ಮಾತಿಗೆ ನಿಲ್ಲಬೇಡಿ. ಯಾವ ಸೌಲಭ್ಯ ಚಾಲೂ ಇತ್ತು, ವೇಗ ಎಷ್ಟಿತ್ತು, ಕೈ ಎಲ್ಲಿತ್ತು, ಎಚ್ಚರಿಕೆಯ ಸದ್ದು ಬಂತೇ, ನೀವು ಯಾವಾಗ ಬ್ರೇಕ್ ತುಳಿದಿರಿ ಎಂಬುದನ್ನು ನೆನಪಿರುವಷ್ಟೇ, ಇದ್ದಂತೆಯೇ, ಸಾಧ್ಯವಾದರೆ ವಕೀಲರೊಡನೆ ಮಾತನಾಡಿ ಹೇಳಿ. ಮೋಟಾರು ವಾಹನ ನಿರೀಕ್ಷಕರು ಬಂದು ಕಾರನ್ನು ಪರೀಕ್ಷಿಸಿ ಕೊಡುವ ಐಎಂವಿ ವರದಿಯ ಕೊನೆಯಲ್ಲಿ ಅಪಘಾತವು ಯಾಂತ್ರಿಕ ದೋಷದಿಂದ ಆದುದಲ್ಲ ಎಂಬ ಸಾಲು ಬಹುತೇಕ ಇದ್ದೇ ಇರುತ್ತದೆ. ಬ್ರೇಕ್ ಪೆಡಲ್, ಸ್ಟೇರಿಂಗ್, ಟೈರುಗಳನ್ನು ನೋಡಿ ಬರೆದ ಆ ಸಾಲು ಮುಂದೆ ನಿಮ್ಮ ವಾದದ ಎದುರು ಗೋಡೆಯಂತೆ ನಿಲ್ಲುತ್ತದೆ. ಹಾಗಾಗಿ ಪರೀಕ್ಷೆಗೆ ಮೊದಲೇ ಠಾಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಕಾರಿನಲ್ಲಿ ಅಡಾಸ್ ಇದೆ, ಅದರ ಕ್ಯಾಮೆರಾ, ರೇಡಾರ್ ಮತ್ತು ದಾಖಲೆಗಳನ್ನೂ ಪರಿಶೀಲಿಸಬೇಕು ಎಂದು ಕೇಳಿ ಸ್ವೀಕೃತಿ ಪಡೆದುಕೊಳ್ಳಿ. ಪೊಲೀಸರು ಮೊದಲ ಅಪಘಾತ ವರದಿಯನ್ನು 48 ಗಂಟೆಯೊಳಗೆ, ವಿವರವಾದ ವರದಿಯನ್ನು 90 ದಿನಗಳೊಳಗೆ ನ್ಯಾಯಮಂಡಳಿಗೆ ಕೊಡಬೇಕೆಂಬ ನಿಯಮ 2022ರ ಏಪ್ರಿಲ್‌ನಿಂದ ಇರುವುದರಿಂದ ನಿಮ್ಮ ಅರ್ಜಿ ಬೇಗ ತಲುಪಬೇಕು.

ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ ಕಾರಿನ ಒಳಗೇ ಇದೆ. ಅನೇಕ ಕಾರುಗಳಲ್ಲಿ ಏರ್‌ಬ್ಯಾಗ್ ನಿಯಂತ್ರಣ ಘಟಕವು ಡಿಕ್ಕಿಗೆ ಕೆಲವು ಸೆಕೆಂಡು ಮೊದಲಿನ ವೇಗ, ಬ್ರೇಕ್, ಆಕ್ಸಿಲರೇಟರ್ ಇವುಗಳ ಲೆಕ್ಕ ಇಟ್ಟುಕೊಂಡಿರುತ್ತದೆ. ಏರ್‌ಬ್ಯಾಗ್ ತೆರೆದುಕೊಂಡಿದ್ದರೆ ಆ ಲೆಕ್ಕ ಸಾಮಾನ್ಯವಾಗಿ ಅಳಿಯದೆ ಉಳಿಯುತ್ತದೆ. ತೆರೆದುಕೊಳ್ಳದ ಡಿಕ್ಕಿಯಾದರೆ ಮುಂದಿನ ಓಡಾಟದಲ್ಲಿ ಅಳಿಸಿಹೋಗಬಹುದು. ಅದಕ್ಕಾಗಿ ಕಾರನ್ನು ಚಾಲೂ ಮಾಡದೆ ಎತ್ತಿಕೊಂಡೇ ಹೋಗಲಿ. ಮೂರು ದಿನದೊಳಗೆ ತಯಾರಕರಿಗೆ, ಡೀಲರರಿಗೆ ಮತ್ತು ವಿಮಾ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿಯೂ ಇಮೇಲ್‌ನಲ್ಲಿಯೂ ಪತ್ರ ಬರೆದು, ಈ ಘಟಕದ ದಾಖಲೆಯನ್ನು ನನ್ನ ಎದುರಿನಲ್ಲಿ ತೆಗೆಯಬೇಕು, ದೋಷಸೂಚಕ ಕೋಡ್‌ಗಳನ್ನು ಅಳಿಸಬಾರದು, ಸಾಫ್ಟ್‌ವೇರ್ ಬದಲಾಯಿಸಬಾರದು, ಬದಲಿಸಿದ ಬಿಡಿಭಾಗವನ್ನು ನನಗೇ ಕೊಡಬೇಕು, ಕಂಪನಿಯ ಸರ್ವರ್‌ನಲ್ಲಿರುವ ಪ್ರಯಾಣದ ಮಾಹಿತಿಯನ್ನು ಉಳಿಸಿಡಬೇಕು ಎಂದು ಸ್ಪಷ್ಟವಾಗಿ ತಿಳಿಸಿ. ಕಾರು ಪೂರ್ತಿ ಜಖಂ ಆಯಿತೆಂದು ವಿಮಾ ಕಂಪನಿ ಹಣ ಕೊಟ್ಟು ಗುಜರಿಗೆ ಒಯ್ಯುವ ಸಂದರ್ಭದಲ್ಲಿ ಈ ಪತ್ರವನ್ನು ಮತ್ತೊಮ್ಮೆ ಕೊಡಿ. ಕಾರಿನೊಂದಿಗೆ ಸಾಕ್ಷ್ಯವೂ ಹರಾಜಾಗಿ ಹೋಗುತ್ತದೆ.

ತಯಾರಕರ ಮೇಲೆ ದೂರು ಹಾಕುವಾಗ ಗ್ರಾಹಕ ಸಂರಕ್ಷಣಾ ಕಾಯ್ದೆಯ 84ನೆಯ ಕಲಮು ನಿಮ್ಮ ಆಧಾರ. ತಯಾರಿಕೆಯ ದೋಷ, ವಿನ್ಯಾಸದ ದೋಷ, ಕೊಟ್ಟ ಭರವಸೆಗೆ ತಕ್ಕಂತೆ ಇಲ್ಲದಿರುವುದು, ಬಳಕೆಯ ಸೂಚನೆಯನ್ನೂ ಎಚ್ಚರಿಕೆಯನ್ನೂ ಸಾಕಷ್ಟು ಕೊಡದಿರುವುದು ಇವೆಲ್ಲ ಅದರಲ್ಲಿ ಬರುತ್ತವೆ. ಕೊನೆಯದನ್ನು ನಾನು ಒತ್ತಿ ಹೇಳುತ್ತೇನೆ. ನಿಂತ ವಾಹನಗಳನ್ನು ವ್ಯವಸ್ಥೆ ಗುರುತಿಸದೆ ಹೋಗಬಹುದು ಎಂಬ ಮಾತು ಬಹುತೇಕ ಕಾರುಗಳ ಕೈಪಿಡಿಯ ಒಳಪುಟದಲ್ಲಿ ಇರುತ್ತದೆ. ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ನಮ್ಮ ರಸ್ತೆಯಲ್ಲಿ ಇದೇ ದೊಡ್ಡ ಅಪಾಯ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಬಳಿ ಹೆದ್ದಾರಿಯಲ್ಲಿ ನಿಂತಿದ್ದ ಲಾರಿಗೆ ಟೆಂಪೊ ಟ್ರಾವೆಲರ್ ಬಡಿದು 13 ಜನ ಸತ್ತರು. ಅದು ಅಡಾಸ್ ಪ್ರಕರಣವಲ್ಲ. ಆದರೆ ಯಾವ ರಸ್ತೆಯಲ್ಲಿ ಈ ಯಂತ್ರವನ್ನು ನಂಬುತ್ತಿದ್ದೇವೆ ಎಂಬುದನ್ನು ಅದು ತೋರಿಸುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಹತ್ತಿ ತುಂಬಿ ಅಗಲವಾದ ಗಾಡಿ, ಎಮ್ಮೆಗಳ ಹಿಂಡು ಇರುವಲ್ಲಿ ಮಾರುವ ಕಾರಿನ ಖರೀದಿದಾರನಿಗೆ ಆ ಮಿತಿಯನ್ನು ಅವನ ಭಾಷೆಯಲ್ಲಿ ಹೇಳಬೇಕಾದುದು ಮಾರುವವರ ಕರ್ತವ್ಯ ಎಂದೇ ನಾನು ವಾದಿಸುತ್ತೇನೆ. ಜಾಹೀರಾತಿನ ಪತ್ರ, ಮಾರಾಟದವರ ವಾಟ್ಸ್‌ಆ್ಯಪ್ ಸಂದೇಶ, ಕೈಪಿಡಿಯ ಪುಟ ಎಲ್ಲವನ್ನೂ ಇಟ್ಟುಕೊಳ್ಳಿ. ಏರ್‌ಬ್ಯಾಗ್ ತೆರೆದುಕೊಳ್ಳದ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟು ಹ್ಯುಂಡೈ ಕಂಪನಿಯ ಮೇಲ್ಮನವಿಯನ್ನು ತಳ್ಳಿಹಾಕಿ ಗ್ರಾಹಕರ ಪರ ನಿಂತುದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ತಯಾರಕರು ಹಿಡಿಯುವ ಗುರಾಣಿ 87ನೆಯ ಕಲಮು: ದುರ್ಬಳಕೆ ಅಥವಾ ಮಾರ್ಪಾಡು. ಕೈ ಇದೆಯೆಂದು ಕಾರನ್ನು ನಂಬಿಸಲು ಸ್ಟೇರಿಂಗಿಗೆ ನೀರಿನ ಬಾಟಲಿ ಸಿಕ್ಕಿಸಿ ಕೈ ಬಿಟ್ಟಿದ್ದರೆ, ಹೊರಗಿನ ಅಂಗಡಿಯಲ್ಲಿ ಗಾಜು ಹಾಕಿಸಿ ಕ್ಯಾಮೆರಾವನ್ನು ಮತ್ತೆ ಹೊಂದಿಸದೆ ಬಿಟ್ಟಿದ್ದರೆ, ಬಂಪರಿಗೆ ಕಬ್ಬಿಣದ ಗಾರ್ಡ್ ಕಟ್ಟಿಸಿ ರೇಡಾರನ್ನು ಮರೆಮಾಡಿದ್ದರೆ ನಿಮ್ಮ ವಾದ ಅಲ್ಲಿಗೇ ಸೋಲುತ್ತದೆ.

ಕಾರಿಗೆ ಕೊಟ್ಟ ಬೆಲೆ 50 ಲಕ್ಷ ರೂಪಾಯಿಯೊಳಗಿದ್ದರೆ ನೀವು ವಾಸವಿರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಹಾಕಬಹುದು. ಧಾರವಾಡ, ಗದಗ, ಹಾವೇರಿಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ದೂರಿನೊಂದಿಗೆ, 38ನೆಯ ಕಲಮಿನಡಿ ಕ್ಯಾಮೆರಾ ಮತ್ತು ನಿಯಂತ್ರಣ ಘಟಕವನ್ನು ಪ್ರಯೋಗಾಲಯದ ಪರೀಕ್ಷೆಗೆ ಕಳುಹಿಸಬೇಕೆಂಬ ಅರ್ಜಿಯನ್ನೂ ಅದೇ ದಿನ ಸಲ್ಲಿಸಿ, ಮೊದಲ ವಿಚಾರಣೆಯ ದಿನವೇ ಅದರ ಮೇಲೆ ಆದೇಶ ಕೇಳಿ.