ಖೋನ್ ಕೇನ್‌ನಲ್ಲಿ ಮದುವೆ ವೀಸಾ ಕಾಯುತ್ತಾ: ನನ್ನ ಅನುಭವ

ನಾನು ಶಿವಮೊಗ್ಗದ ಕಡೆಯವನು. ನನ್ನ ಹೆಂಡತಿ ಥಾಯ್ಲೆಂಡ್‌ನ ಈಶಾನ್ಯ ಭಾಗವಾದ ಈಸಾನ್ ಸೀಮೆಯವಳು. ಬ್ಯಾಂಕಾಕ್‌ನಿಂದ ಸುಮಾರು 450 ಕಿಲೋಮೀಟರ್ ದೂರದ ಖೋನ್ ಕೇನ್ ಪಟ್ಟಣದ ಹೊರವಲಯದ ಹಳ್ಳಿಯೊಂದರಲ್ಲಿ ಅವಳ ತವರು, ಅಲ್ಲಿಯೇ ಸರ್ಕಾರಿ ಶಾಲೆಯಲ್ಲಿ ಅವಳಿಗೆ ಶಿಕ್ಷಕಿಯ ಕೆಲಸ. 2024ರ ಕೊನೆಯಲ್ಲಿ ನಮ್ಮ ಮದುವೆ ನೋಂದಣಿಯಾಯಿತು. ಮರುವರ್ಷದ ಮೊದಲ ತಿಂಗಳುಗಳನ್ನು ನಾನು ಅವಳ ಮನೆಯಲ್ಲಿ, ಎಲ್ಲರೂ ಮದುವೆ ವೀಸಾ ಎಂದು ಕರೆಯುವ ಅನುಮತಿಗಾಗಿ ಕಾಯುತ್ತಾ ಕಳೆದೆ. ಇದೇ ದಾರಿಯಲ್ಲಿ ಹೊರಟಿರುವ ಕನ್ನಡಿಗರು ಕೆಲವರು ನನ್ನನ್ನು ಕೇಳುತ್ತಿರುವುದರಿಂದ, ನಾವಿಬ್ಬರೂ ಅದನ್ನು ಹೇಗೆ ನಿಭಾಯಿಸಿದೆವೆಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿಯಬೇಕಾದದ್ದು, ಒಂದು ವರ್ಷದ ಮದುವೆ ವೀಸಾ ಎಂದು ಜನ ಕರೆಯುವುದು ನಿಜವಾಗಿ ವೀಸಾ ಅಲ್ಲ ಎಂಬುದು. ಥಾಯ್ ಪ್ರಜೆಯನ್ನು ಮದುವೆಯಾದವರಿಗೆ ಮೊದಲು ಸಿಗುವುದು 90 ದಿನಗಳ ನಾನ್-ಇಮಿಗ್ರಂಟ್ ಓ ವೀಸಾ. ಆ ಅವಧಿ ಮುಗಿಯುವ ಮುನ್ನ ಸ್ಥಳೀಯ ಇಮಿಗ್ರೇಷನ್ ಕಚೇರಿಯಲ್ಲಿ ವಾಸದ ಅವಧಿಯನ್ನು ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು. ಆ ಕಚೇರಿಯನ್ನು ಅಲ್ಲಿನ ಜನ ಚಿಕ್ಕದಾಗಿ ‘ತೋ ಮೋ’ ಎನ್ನುತ್ತಾರೆ. ವೀಸಾ ಕೊಡುವುದು ರಾಯಭಾರ ಕಚೇರಿ, ಅವಧಿ ವಿಸ್ತರಿಸುವುದು ತೋ ಮೋ. ಎರಡಕ್ಕೂ ಬೇಕಾದ ಕಾಗದಗಳು ಬೇರೆ, ಎರಡರ ಗಡುವುಗಳೂ ಬೇರೆ. ಮುಂದಿನ ಲೆಕ್ಕಾಚಾರವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಮದುವೆಯ ನೋಂದಣಿಗೆ ನಾನು ಅವಿವಾಹಿತನೆಂಬುದನ್ನು ಸಾಬೀತುಪಡಿಸಬೇಕಿತ್ತು. ಊರಿನಲ್ಲಿ ಮಾಡಿಸಿದ ಪ್ರಮಾಣಪತ್ರವನ್ನು ಹಿಡಿದು ಬ್ಯಾಂಕಾಕ್‌ನ ಸುಖುಮ್‌ವಿಟ್‌ನಲ್ಲಿರುವ ಭಾರತೀಯ ರಾಯಭಾರ ಕಚೇರಿಯಿಂದ ಪತ್ರ ಪಡೆದು, ಅದನ್ನು ಥಾಯ್ ಭಾಷೆಗೆ ಅನುವಾದಿಸಿ, ಚೇಂಗ್ ವತ್ತನದ ವಿದೇಶಾಂಗ ಸಚಿವಾಲಯದ ಕಚೇರಿಯಲ್ಲಿ ದೃಢೀಕರಿಸಿದ ಮೇಲೆ ಜಿಲ್ಲಾ ಕಚೇರಿಯಾದ ಅಂಫೋಗೆ ಹೋದೆವು. ಅಲ್ಲಿ ಸಿಗುವ ಎರಡು ದಾಖಲೆಗಳನ್ನು ಬೇರೆಬೇರೆಯಾಗಿ ನೆನಪಿಡಬೇಕು. ಚಂದದ ಅಂಚಿರುವ ‘ಕೋ ರೋ 3’ ಮದುವೆಯ ಪ್ರಮಾಣಪತ್ರ. ಗಂಡ ಹೆಂಡತಿ ಇಬ್ಬರಿಗೂ ಒಂದೊಂದು ಪ್ರತಿ ಕೊಡುತ್ತಾರೆ. ಅಲಂಕಾರವಿಲ್ಲದ ‘ಕೋ ರೋ 2’ ನೋಂದಣಿ ಪುಸ್ತಕದ ನಕಲು. ಮದುವೆ ಇನ್ನೂ ಊರ್ಜಿತದಲ್ಲಿದೆಯೆಂದು ತೋ ಮೋ ಅಧಿಕಾರಿಗಳು ಈ ಎರಡನೆಯದನ್ನು ನೋಡಿಯೇ ನಂಬುವುದರಿಂದ, ಅರ್ಜಿ ಹಾಕುವ ಹೊತ್ತಿಗೆ ಅಂಫೋದಿಂದ ಅದರ ಹೊಸ ಪ್ರತಿಯನ್ನೇ ತರಬೇಕು.

ಹೆಸರಿನ ವಿಷಯದಲ್ಲಿ ನಮ್ಮ ಕಡೆಯವರು ವಿಶೇಷವಾಗಿ ಎಚ್ಚರವಾಗಿರಬೇಕು. ನಮ್ಮಲ್ಲಿ ಎಷ್ಟೋ ಜನರ ಪಾಸ್‌ಪೋರ್ಟ್‌ನಲ್ಲಿ ಮನೆತನದ ಹೆಸರಿನ ಜಾಗ ಖಾಲಿಯಿರುತ್ತದೆ, ಇಲ್ಲವೇ ಇನಿಷಿಯಲ್ಲನ್ನು ಬಿಡಿಸಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಅಲ್ಲಿ ಬರೆದಿರುತ್ತಾರೆ. ಥಾಯ್ ಅರ್ಜಿಗಳಲ್ಲಿ ಹೆಸರು ಮತ್ತು ಮನೆತನದ ಹೆಸರು ಎರಡಕ್ಕೂ ಜಾಗವಿರುತ್ತದೆ, ಎರಡನ್ನೂ ಥಾಯ್ ಲಿಪಿಯಲ್ಲಿ ತುಂಬಬೇಕು. ಹತ್ತು ಅನುವಾದಕರ ಕೈಗೆ ಕೊಟ್ಟರೆ ಒಂದೇ ಹೆಸರು ಹತ್ತು ರೂಪ ತಾಳುತ್ತದೆ. ನನ್ನ ಹೆಂಡತಿ ಮೊದಲ ದಿನವೇ ನನ್ನ ಹೆಸರಿನ ಥಾಯ್ ರೂಪವನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಪೋರ್ಟ್‌ನ ಹೊದಿಕೆಯೊಳಗೆ ಇಟ್ಟಳು. ಅನುವಾದಕರು, ಅಂಫೋದ ಗುಮಾಸ್ತರು, ಬ್ಯಾಂಕಿನವರು, ಎಲ್ಲರೂ ಅದನ್ನೇ ನೋಡಿ ಬರೆದರು. ಆ ಚೀಟಿ ನಮ್ಮನ್ನು ಬಹಳಷ್ಟು ತಿದ್ದುಪಡಿಗಳಿಂದ ಪಾರುಮಾಡಿತು ಎಂದೇ ನನ್ನ ಭಾವನೆ.

ಮದುವೆಯ ನಂತರ ನಾನು ಊರಿಗೆ ಮರಳಿ, 2025ರ ಜನವರಿಯಲ್ಲಿ ಇ-ವೀಸಾ ಮೂಲಕ 90 ದಿನಗಳ ವೀಸಾ ಪಡೆದು ತಿಂಗಳ ಕೊನೆಗೆ ಖೋನ್ ಕೇನ್ ತಲುಪಿದೆ. ನಿಜವಾದ ಒತ್ತಡ ಶುರುವಾದದ್ದು ಅಲ್ಲಿಂದ. ವಿಸ್ತರಣೆಗೆ ಅರ್ಜಿ ಹಾಕುವವನು ತನ್ನ ಹೆಸರಿನ ಥಾಯ್ ಬ್ಯಾಂಕ್ ಖಾತೆಯಲ್ಲಿ 4 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವೇ ತಿಂಗಳಿಗೆ 40 ಸಾವಿರ ಬಾತ್ ಆದಾಯ ತೋರಿಸಬೇಕು. ಠೇವಣಿಯ ದಾರಿ ಹಿಡಿದರೆ ಅರ್ಜಿಯ ದಿನಕ್ಕೆ ಆ ಹಣ ಖಾತೆಯಲ್ಲಿ ಎರಡು ತಿಂಗಳು ಕದಲದೆ ಕೂತಿರಬೇಕು. ವೀಸಾ ಇರುವುದೇ ಮೂರು ತಿಂಗಳು. ಅಂದರೆ ಬಂದ ಮೊದಲ ಮೂವತ್ತು ದಿನಗಳೊಳಗೆ ಖಾತೆ ತೆರೆದು, ಭಾರತದಿಂದ ಹಣ ತರಿಸಿ, ಪಾಸ್‌ಬುಕ್ಕಿನಲ್ಲಿ ಕಾಣಿಸಬೇಕು. ನಮ್ಮ ಪಾಲಿಗೆ ಇನ್ನೊಂದು ಇಕ್ಕಟ್ಟೂ ಇತ್ತು. ಏಪ್ರಿಲ್ 13ರಿಂದ ಸೋಂಗ್‌ಕ್ರಾನ್, ಅವರ ಸಾಂಪ್ರದಾಯಿಕ ಹೊಸ ವರ್ಷ. ಸರ್ಕಾರಿ ಕಚೇರಿಗಳೂ ಬ್ಯಾಂಕುಗಳೂ ಮುಚ್ಚಿರುತ್ತವೆ. ಹಬ್ಬ ಮುಗಿದ ದಿನಕ್ಕೂ ವೀಸಾ ಮುಗಿಯುವ ದಿನಕ್ಕೂ ನಡುವೆ ಉಳಿಯುತ್ತಿದ್ದದ್ದು ಕೆಲವೇ ಕೆಲಸದ ದಿನಗಳು.

ಮೊದಲು ಹೋದ ಬ್ಯಾಂಕ್ ಶಾಖೆಯವರು ಹೊಸದಾಗಿ ಬಂದ ವಿದೇಶಿಗೆ ಖಾತೆ ತೆರೆಯುವುದಿಲ್ಲವೆಂದರು. ಇನ್ನೊಂದು ಶಾಖೆಯವರು ತೋ ಮೋದಿಂದ ವಾಸದ ದೃಢೀಕರಣ ಪತ್ರ ತಂದರೆ ಆಗಬಹುದೆಂದರು. ಆ ಪತ್ರ ಬೇಕಾದರೆ ವಿದೇಶಿ ತಮ್ಮ ಮನೆಯಲ್ಲಿ ತಂಗಿದ್ದಾನೆಂದು ಮನೆಯ ಯಜಮಾನರು 24 ಗಂಟೆಗಳೊಳಗೆ ವರದಿ ಮಾಡುವ ‘ಟಿಎಂ 30’ ಸಲ್ಲಿಕೆಯಾಗಿರಬೇಕು. ಮನೆ ನನ್ನ ಅತ್ತೆಯವರ ಹೆಸರಿನಲ್ಲಿತ್ತು. ನಾನು ಬಂದ ಮರುದಿನವೇ ಅವರು ನೀಲಿ ಹೊದಿಕೆಯ ಮನೆ ನೋಂದಣಿ ಪುಸ್ತಕವನ್ನು ಚೀಲದಲ್ಲಿಟ್ಟುಕೊಂಡು ಮಗಳ ಜೊತೆ ಹೋಗಿ ಆ ವರದಿ ಕೊಟ್ಟು ಬಂದಿದ್ದರಿಂದ ಕೆಲಸ ಸುಗಮವಾಯಿತು. ಮುಂದೆ ಹೋಗುವವರಿಗೆ ನಾನು ಒತ್ತಿ ಹೇಳುವುದು ಇದನ್ನೇ: ಬೇರೆ ಯಾವ ಕಾಗದಕ್ಕೂ ಮೊದಲು ಟಿಎಂ 30 ಆಗಿರಲಿ.

ಭಾರತದಿಂದ ಹಣ ತರಿಸುವುದಕ್ಕೆ ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಿದೆ. ಒಬ್ಬ ನಿವಾಸಿ ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್‌ವರೆಗೆ ಹೊರಗೆ ಕಳಿಸಬಹುದು. 4 ಲಕ್ಷ ಬಾತ್ ಎಂದರೆ ಆಗ ಸುಮಾರು 10 ಲಕ್ಷ ರೂಪಾಯಿ. ಆ ವರ್ಷ ನನ್ನಂಥ ರವಾನೆಗಳಲ್ಲಿ 7 ಲಕ್ಷ ಮೀರಿದ ಭಾಗಕ್ಕೆ ಬ್ಯಾಂಕು ಶೇ 20ರಷ್ಟು ಟಿಸಿಎಸ್, ಅಂದರೆ ಮೂಲದಲ್ಲೇ ಸಂಗ್ರಹಿಸುವ ತೆರಿಗೆ, ಹಿಡಿಯುತ್ತಿತ್ತು. 2025ರ ಏಪ್ರಿಲ್‌ನಿಂದ ಆ ಮಿತಿ 10 ಲಕ್ಷಕ್ಕೆ ಏರಿದೆ. ಹಿಡಿದ ಮೊತ್ತ ಆದಾಯ ತೆರಿಗೆ ವಿವರ ಸಲ್ಲಿಸಿದಾಗ ಹೊಂದಾಣಿಕೆಯಾಗುತ್ತದೆಯಾದರೂ, ಅಷ್ಟು ತಿಂಗಳು ಅದು ನಮ್ಮ ಕೈಯಲ್ಲಿರುವುದಿಲ್ಲ ಎಂಬುದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು. ನಾನು 4 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು ಕಳಿಸಿದೆ. ದಾರಿಯಲ್ಲಿ ಬ್ಯಾಂಕುಗಳು ಶುಲ್ಕ ಮುರಿದುಕೊಂಡು ಮೊತ್ತ ಒಂದು ಬಾತ್ ಕಡಿಮೆಯಾದರೂ ಎರಡು ತಿಂಗಳ ಎಣಿಕೆ ಆರಂಭವಾಗುವುದಿಲ್ಲ.

ಆ ಹಣ ನಮ್ಮದೇ ಆದರೂ ಖರ್ಚಿಗೆ ಸಿಗದ ಹಣ. ಕೆಲಸದ ಪರವಾನಗಿಯಿಲ್ಲದೆ ವಿದೇಶಿಯರು ಅಲ್ಲಿ ದುಡಿಯುವಂತಿಲ್ಲ. ಥಾಯ್ ಹೆಂಡತಿಯ ಅಂಗಡಿಯಲ್ಲಿ ಕೈಜೋಡಿಸುವುದೂ ನಿಯಮದ ದೃಷ್ಟಿಯಲ್ಲಿ ಕೆಲಸವೇ. ಹೀಗಾಗಿ ಠೇವಣಿಯನ್ನು ಬಿಟ್ಟು ಕನಿಷ್ಠ ಆರು ತಿಂಗಳ ಮನೆಖರ್ಚನ್ನು ಬೇರೆಯಾಗಿ ತೆಗೆದಿಟ್ಟುಕೊಂಡೇ ಹೋಗಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ನಾನು ಉಳಿತಾಯದಿಂದ ಮನೆಯ ದಿನಸಿ, ಕರೆಂಟ್ ಬಿಲ್ಲು ನೋಡಿಕೊಂಡೆ. ಬೆಳಿಗ್ಗೆ ಹೆಂಡತಿಯನ್ನು ಶಾಲೆಗೆ ಬಿಟ್ಟು ಬಂದು, ಅತ್ತೆಯವರ ಜೊತೆ ಅಂಟನ್ನ ಬೇಯಿಸುವುದನ್ನು ಕಲಿತೆ. ಮಧ್ಯಾಹ್ನ ಥಾಯ್ ಅಕ್ಷರ ತಿದ್ದಿದೆ. ಗಂಡು ದುಡಿಯದೆ ಹೆಣ್ಣಿನ ಮನೆಯಲ್ಲಿ ಕೂತಿದ್ದಾನೆಂಬ ಮಾತು ನಮ್ಮೂರಿನಲ್ಲಿ ಬಂದಿತು, ಅಮ್ಮ ಫೋನಿನಲ್ಲಿ ಅದನ್ನು ಹೇಳದೆ, “ಇನ್ನೂ ಎಷ್ಟು ದಿನ ಆಗ್ತದೆ ಮಗಾ?” ಎಂದಷ್ಟೇ ಕೇಳುತ್ತಿದ್ದರು. ಈಸಾನ್‌ನಲ್ಲಿ ಮದುವೆಯಾದ ಗಂಡು ಹೆಂಡತಿಯ ತವರಿನಲ್ಲಿ ನೆಲೆಸುವುದು ಹಳೆಯ ರೂಢಿಯಾದ್ದರಿಂದ ಆ ಹಳ್ಳಿಯಲ್ಲಿ ಯಾರೂ ನನ್ನನ್ನು ಹಾಗೆ ನೋಡಲಿಲ್ಲ. ಗಂಡಿನ ಕಡೆಯವರು ಹೆಣ್ಣಿನ ಮನೆಗೆ ಕೊಡುವ ‘ಸಿನ್ ಸೋಟ್’ ಪದ್ಧತಿಯನ್ನು ಅಮ್ಮನಿಗೆ ವಿವರಿಸಿದಾಗ, ನಮ್ಮಲ್ಲಿಯೂ ಹಿಂದೆ ತೆರ ಕೊಡುತ್ತಿದ್ದರಲ್ಲ ಎಂದು ಅವರೇ ನೆನಪಿಸಿಕೊಂಡು ಸಮಾಧಾನಪಟ್ಟರು.

ಸೋಂಗ್‌ಕ್ರಾನ್ ಮುಗಿದು ಕಚೇರಿ ತೆರೆದೊಡನೆ ಅರ್ಜಿ ಹಾಕಿದೆವು. ಅದೇ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಶಿಲ್ಕಿನ ಪತ್ರ ಪಡೆದು, ಖಾತೆಗೆ 100 ಬಾತ್ ಕಟ್ಟಿ, ಪಾಸ್‌ಬುಕ್ಕಿನ ಕೊನೆಯ ಸಾಲಿನಲ್ಲಿ ಆ ದಿನದ ತಾರೀಖು ಮೂಡುವಂತೆ ಮಾಡಿಸಿದೆವು. ಟಿಎಂ 7 ಅರ್ಜಿ, 1,900 ಬಾತ್ ಶುಲ್ಕ, ಕೋ ರೋ 2ರ ಹೊಸ ಪ್ರತಿ, ಹೆಂಡತಿಯ ಗುರುತಿನ ಚೀಟಿ, ನೀಲಿ ಪುಸ್ತಕ, ಮುಖ್ಯರಸ್ತೆಯಿಂದ ಮನೆಗೆ ಬರುವ ದಾರಿಯ ಕೈಬರಹದ ನಕ್ಷೆ, ಜೊತೆಗೆ ಫೋಟೋಗಳು: ಮನೆ ನಂಬರ್ ಕಾಣುವಂತೆ ಬಾಗಿಲ ಮುಂದೆ ಇಬ್ಬರೂ, ನಡುಮನೆಯಲ್ಲಿ, ಅಡುಗೆಮನೆಯಲ್ಲಿ, ಮಲಗುವ ಕೋಣೆಯಲ್ಲಿ. ಪ್ರತಿಯೊಂದು ನಕಲಿನ ಮೇಲೂ ಸಹಿ. ಅಧಿಕಾರಿ ಎಲ್ಲವನ್ನೂ ತಿರುವಿ ನೋಡಿ ಪಾಸ್‌ಪೋರ್ಟ್‌ನಲ್ಲಿ ‘ಪರಿಶೀಲನೆಯಲ್ಲಿದೆ’ ಎಂಬ ಮುದ್ರೆ ಒತ್ತಿ, ಸುಮಾರು ಒಂದು ತಿಂಗಳ ನಂತರದ ತಾರೀಖು ಬರೆದುಕೊಟ್ಟರು.

ಆ ತಿಂಗಳಲ್ಲಿ ಅಧಿಕಾರಿಗಳು ಯಾವ ದಿನವಾದರೂ ಮನೆಗೆ ಬರಬಹುದು. ಅದೇ ಸಮಯಕ್ಕೆ ಶಿವಮೊಗ್ಗದಲ್ಲಿ ಚಿಕ್ಕಪ್ಪನ ಮಗಳ ಮದುವೆಯಿತ್ತು. ದೇಶ ಬಿಡುವ ಮೊದಲು 1,000 ಬಾತ್ ಕೊಟ್ಟು ಮರುಪ್ರವೇಶದ ಪರವಾನಗಿ ಪಡೆಯದಿದ್ದರೆ ಇರುವ ಅನುಮತಿಯೇ ರದ್ದಾಗುತ್ತದೆ. ಅದನ್ನು ಪಡೆದು ಹೋಗಬಹುದಿತ್ತಾದರೂ, ನಾನಿಲ್ಲದಾಗ ಅಧಿಕಾರಿಗಳು ಬಂದರೆ ಉತ್ತರ ಹೇಳಬೇಕಾದವಳು ಹೆಂಡತಿಯೊಬ್ಬಳೇ ಎಂದು ಯೋಚಿಸಿ ನಾನು ಹೋಗಲಿಲ್ಲ. ಆ ನಿರ್ಧಾರ ಸರಿಯಾದದ್ದೆಂದೇ ಈಗಲೂ ನಂಬಿದ್ದೇನೆ.

ಇಬ್ಬರು ಅಧಿಕಾರಿಗಳು ಒಂದು ಮಧ್ಯಾಹ್ನ ಬಂದರು. ಏಪ್ರಿಲ್ ಕೊನೆಯ ಬಿಸಿಲು ಈಸಾನ್‌ನಲ್ಲಿ ನಮ್ಮ ರಾಯಚೂರಿನ ಬಿಸಿಲಿಗೆ ಕಡಿಮೆಯದಲ್ಲ. ಅತ್ತೆಯವರು ಮನೆಯ ಕೆಳಗಿನ ನೆರಳಿನಲ್ಲಿ ಚಾಪೆ ಹಾಸಿ ತಣ್ಣೀರು ಕೊಟ್ಟರು. ಒಬ್ಬರು ಹೆಂಡತಿಯನ್ನು ಅಡುಗೆಮನೆಯ ಕಡೆ ಕರೆದು ಮಾತಾಡಿಸಿದರೆ, ಇನ್ನೊಬ್ಬರು ನನ್ನನ್ನು ನಿಧಾನವಾದ ಥಾಯ್‌ನಲ್ಲಿ ವಿಚಾರಿಸಿದರು: ಎಲ್ಲಿ ಪರಿಚಯವಾಯಿತು, ಅವಳು ಶಾಲೆಗೆ ಎಷ್ಟು ಹೊತ್ತಿಗೆ ಹೊರಡುತ್ತಾಳೆ, ಮನೆಯಲ್ಲಿ ಯಾರ್‍ಯಾರು ಇದ್ದಾರೆ, ಯಾರು ಅಡುಗೆ ಮಾಡುತ್ತಾರೆ. ಕೋಣೆಯ ಗಳುವಿನ ಮೇಲೆ ನನ್ನ ಪಂಚೆಯೂ ಅವಳ ಪಾಸಿನ್ ಎಂಬ ಉಡುಗೆಯೂ ಒಟ್ಟಿಗೆ ಒಣಗುತ್ತಿದ್ದವು. ಅವರು ಅದರ ಫೋಟೋವನ್ನೂ ತೆಗೆದುಕೊಂಡರು. ಹಳ್ಳಿಯ ಮುಖ್ಯಸ್ಥರು ಸಾಕ್ಷಿಯಾಗಿ ಬಂದು, ಈತ ಈ ಮನೆಯ ಅಳಿಯ, ಸೋಂಗ್‌ಕ್ರಾನ್ ದಿನ ಹಿರಿಯರ ಕೈಗೆ ನೀರೆರೆದು ಆಶೀರ್ವಾದ ಪಡೆದಿದ್ದಾನೆ ಎಂದು ಹೇಳಿ ಸಹಿ ಹಾಕಿದರು. ಅಧಿಕಾರಿಗಳು ಒರಟಾಗಿ ನಡೆದುಕೊಳ್ಳಲಿಲ್ಲ. ಹಣಕ್ಕಾಗಿ ನಡೆಯುವ ಸುಳ್ಳು ಮದುವೆಗಳನ್ನು ಹಿಡಿಯುವುದು ಅವರ ಕೆಲಸ. ನಿಜವಾಗಿ ಒಟ್ಟಿಗೆ ಬಾಳುತ್ತಿರುವವರು ಅವರೆದುರು ಅಭಿನಯಿಸಬೇಕಾಗಿಲ್ಲ.

ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು ಸಂಗತಿ. ಅರ್ಜಿ ನನ್ನದು, ಹಣ ನನ್ನದು, ಆದರೆ ಪ್ರತಿ ಕಿಟಕಿಯ ಮುಂದೆ ನಿಂತು ಮಾತಾಡಿದವಳು ಅವಳು. ಶಾಲೆಗೆ ರಜೆ ಹಾಕಿದವಳು, ಗಂಡನನ್ನು ಎಲ್ಲಿಂದ ತಂದೆ ಎಂಬ ಪ್ರಶ್ನೆಯನ್ನು ಸಹಿಸಿದವಳು, ತನ್ನ ದೇಶದಲ್ಲಿ ತನ್ನದೇ ಮದುವೆಗೆ ಸಾಕ್ಷಿ ಒದಗಿಸಬೇಕಾಗಿ ಬಂದವಳು ಅವಳೇ. ವಿದೇಶಿ ಗಂಡನ ಕಷ್ಟವನ್ನು ಎಲ್ಲರೂ ಕೇಳುತ್ತಾರೆ, ಕಾಗದಗಳನ್ನು ಹೊತ್ತು ಅಲೆಯುವ ಹೆಂಡತಿಯ ದಣಿವನ್ನು ಕೇಳುವವರಿಲ್ಲ. ಆದ್ದರಿಂದ ಕಡತ ಜೋಡಿಸುವುದು, ನಕಲು ತೆಗೆಸುವುದು, ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡುವುದು, ಈ ಎಲ್ಲ ಮೂಕ ಕೆಲಸಗಳನ್ನು ನಾನು ವಹಿಸಿಕೊಂಡೆ. ಮಾತಿನ ಕೆಲಸ ಮಾತ್ರ ಅವಳಿಗೆ ಉಳಿಯಿತು. ಕಚೇರಿಗೆ ಹೋದ ದಿನ ಸಂಜೆ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಬುಂಗ್ ಕೇನ್ ನಖೋನ್ ಕೆರೆಯ ಸುತ್ತ ನಡೆದುಬರುತ್ತಿದ್ದೆವು. ಅಲ್ಲಿ ವೀಸಾದ ಮಾತು ಎತ್ತಬಾರದೆಂದು ಒಪ್ಪಂದವಾಗಿತ್ತು.

ಹೇಳಿದ ದಿನ ಹೋದಾಗ ಒಂದು ವರ್ಷದ ಮುದ್ರೆ ಸಿಕ್ಕಿತು. ವರ್ಷದ ಎಣಿಕೆ ಹಳೆಯ ವೀಸಾ ಮುಗಿದ ದಿನದಿಂದಲೇ ಆರಂಭವಾಗುತ್ತದೆ. ಕಾದ ತಿಂಗಳೂ ಅದರಲ್ಲಿ ಸೇರಿರುತ್ತದೆ. ಇನ್ನು ಮುಂದೆ 90 ದಿನಗಳಿಗೊಮ್ಮೆ ವಿಳಾಸ ವರದಿ ಮಾಡಬೇಕು, ಊರಿಗೆ ಹೊರಟಾಗಲೆಲ್ಲ ಮರುಪ್ರವೇಶದ ಪರವಾನಗಿ ಪಡೆಯಬೇಕು, ಮುಂದಿನ ವರ್ಷ ಇದೇ ಕಡತವನ್ನು ಹೊಸದಾಗಿ ಕಟ್ಟಬೇಕು. ನಮ್ಮ ನೋಂದಣಿಗೆ ಎರಡು ವರ್ಷ ತುಂಬಿದ ಮೇಲೆ ಅವಳು ಭಾರತೀಯ ಪ್ರಜೆಯ ಸಂಗಾತಿಯಾಗಿ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗೆ ಅರ್ಜಿ ಹಾಕಬಹುದು. ಆಗ ಕಿಟಕಿಯ ಮುಂದೆ ನಿಂತು ಮಾತಾಡುವ ಸರದಿ ನನ್ನದು. ಅದಕ್ಕೆ ಬೇಕಾದ ಕಾಗದಗಳನ್ನು ಈಗಿನಿಂದಲೇ ಬೇರೊಂದು ಕಡತದಲ್ಲಿ ಕೂಡಿಡುತ್ತಿದ್ದೇನೆ.